ನೀಲಾಂಬಿಕಾ ನಡಿಗೆ ಕಲಿಸಿದ ಸಿನಿಮಾ

ನೀಲಾಂಬಿಕಾಳನ್ನು ಮೊದಲ ಸಲ ನೋಡಿದವರ ಕಣ್ಣು ಹೋಗುತ್ತಿದ್ದದ್ದು ಅವಳ ಎಡಗೈ ಕಡೆಗೆ. ನಡೆಯುವಾಗ ಆ ಕೈ ಎಡ ಮೊಣಕಾಲಿನ ಮೇಲೇ ಇರುತ್ತಿತ್ತು. ಅವಳು ಹೆಜ್ಜೆ ಇಡಬೇಕಾದರೆ ಕೈಯಿಂದ ಮೊಣಕಾಲನ್ನು ಹಿಂದಕ್ಕೆ ಒತ್ತಬೇಕು, ಕಾಲು ಗಟ್ಟಿಯಾಗಿ ನಿಲ್ಲಬೇಕು, ಆಮೇಲೆ ಬಲಗಾಲು ಮುಂದಕ್ಕೆ ಹೋಗಬೇಕು. ಕೂಸಾಗಿದ್ದಾಗ ಪೋಲಿಯೋ ಬಂದು ಎಡಗಾಲು ಸರಿಯಾಗಿ ಬೆಳೆಯದೆ ತೆಳ್ಳಗೆ, ಸ್ವಲ್ಪ ಬಾಗಿ ಉಳಿದಿತ್ತು. ಕೈ ಒತ್ತುವ ಜಾಗದಲ್ಲಿ ಚೂಡಿದಾರ ಬೇಗ ಸವೆಯುತ್ತದೆಂದು, ಹೊಸ ಬಟ್ಟೆ ತಂದ ದಿನವೇ ಒಳಗಿನಿಂದ ಅಂಗೈಯಗಲದ ತೇಪೆ ಹೊಲಿದುಕೊಳ್ಳುತ್ತಿದ್ದಳು. ನೋಡುವವರಿಗೆ ಕಷ್ಟವೆನಿಸುತ್ತಿದ್ದ ಆ ನಡಿಗೆಯಲ್ಲೇ ಅವಳು ಬಾಗಲಗುಂಟೆಯಿಂದ ಪೀಣ್ಯದ ಬಸ್ಸು ಹಿಡಿಯುತ್ತಿದ್ದಳು, ಕೆಲಸ ಮಾಡುತ್ತಿದ್ದಳು, ಸಂತೆಯಿಂದ ತರಕಾರಿ ಹೊತ್ತು ತರುತ್ತಿದ್ದಳು, ಭಾನುವಾರ ಸಿನಿಮಾಕ್ಕೆ ಹೋಗುತ್ತಿದ್ದಳು.

ಬಾಗಲಗುಂಟೆಯಲ್ಲಿ ಚಿಕ್ಕಮುನಿಯಮ್ಮನ ವಠಾರವೆಂದರೆ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಎದುರುಬದುರಾಗಿ ಕಟ್ಟಿದ ಶೀಟಿನ ಮನೆಗಳ ಸಾಲು. ಹತ್ತಿರದ ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನಾನು ಅಲ್ಲೇ ಒಂಟಿಯಾಗಿ ಒಂದು ಮನೆ ಹಿಡಿದಿದ್ದೆ. ನೀಲಾಂಬಿಕಾ, ಅವಳ ಅಣ್ಣ ಹಣಮಂತ, ತಾಯಿ ದೇವಕ್ಕ ಪಕ್ಕದ ಮನೆಗೆ ಬಂದದ್ದು ಎರಡು ಸಾವಿರದ ಮೂರರಲ್ಲಿ, ಮುದ್ದೇಬಿಹಾಳದ ಕಡೆಯಿಂದ. ಹಣಮಂತನಿಗೆ ಪೀಣ್ಯದ ಫೌಂಡ್ರಿಯೊಂದರಲ್ಲಿ ಕೆಲಸ. ಸ್ವಲ್ಪ ದಿನಕ್ಕೆ ನೀಲಾಂಬಿಕಾಳಿಗೂ ಸಣ್ಣ ಟ್ರಾನ್ಸ್‌ಫಾರ್ಮರ್ ಮಾಡುವ ಕಾರ್ಖಾನೆಯಲ್ಲಿ ಕಾಯಿಲ್ ಸುತ್ತುವ ಕೆಲಸ ಸಿಕ್ಕಿತು. ಮೆಷಿನ್ನಿನ ಮುಂದೆ ಕೂತು ತಾಮ್ರದ ತಂತಿಯನ್ನು ಬೆರಳಲ್ಲಿ ಹಿಡಿದು, ಬಲಗಾಲಲ್ಲಿ ಪೆಡಲ್ ಒತ್ತುತ್ತ ಸುತ್ತಬೇಕು. ಅವಳ ಬೆರಳ ತುದಿಗಳಲ್ಲಿ ಸದಾ ಸಣ್ಣ ಗೀರುಗಳಿರುತ್ತಿದ್ದವು.

ಸಿನಿಮಾ ಎಂದರೆ ಅವಳಿಗೆ ಪ್ರಾಣ. ಭಾನುವಾರ ಮಧ್ಯಾಹ್ನದ ಆಟಕ್ಕೆ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದಳು. ನುಗ್ಗಾಟದಲ್ಲಿ ಬೀಳುವ ಭಯಕ್ಕೆ ಎಲ್ಲರಿಗಿಂತ ಮುಂಚೆ ಒಳಗೆ ಹೋಗಿ ಕೂರುವುದು, ಎಲ್ಲರೂ ಎದ್ದು ಹೋದ ಮೇಲೆ ಏಳುವುದು. ಕುಂಟುವ ಹೆಣ್ಣೊಂದು ತೆರೆಯ ಮೇಲೆ ಬಂದರೆ ಸಾಕು, ನನ್ನ ಮೊಣಕೈ ತಿವಿಯುತ್ತಿದ್ದಳು. "ಈಕಿ ಹೀರೋನ ತಂಗೀರಿ, ಅಕ್ಕಾರ. ಇಂಟರ್‌ವಲ್ಲಿಗಿ ಮೊದಲ ಸಾಯ್ತಾಳ ನೋಡ್ರಿ." ಅವಳು ಹೇಳಿದ ಹಾಗೇ ಆಗುತ್ತಿತ್ತು. ಅವಳು ನಗುತ್ತಿದ್ದಳು. ಆಗ ಅವಳಿಗೆ ಅದು ಬರೀ ತಮಾಷೆ.

ಎರಡು ಸಾವಿರದ ಎಂಟರಲ್ಲಿ ಅವಳ ಕಾರ್ಖಾನೆಯ ಪಕ್ಕದಲ್ಲಿ ಮುಚ್ಚಿಹೋಗಿದ್ದ ದೊಡ್ಡ ಶೆಡ್ಡೊಂದನ್ನು ಸಿನಿಮಾದವರು ಬಾಡಿಗೆಗೆ ಹಿಡಿದರು. ಕಥೆಯ ನಾಯಕಿ ಕಾಲು ಸರಿಯಿಲ್ಲದ, ಕಾರ್ಖಾನೆಯಲ್ಲಿ ದುಡಿಯುವ ಹುಡುಗಿ. ಸಹನಿರ್ದೇಶಕ ಶ್ರೀಧರ್ ಎಂಬವನು ಶೆಡ್ಡಿನ ಬಾಗಿಲಲ್ಲಿ ಟೀ ಕುಡಿಯುತ್ತ ನಿಂತವನು ನೀಲಾಂಬಿಕಾ ಶಿಫ್ಟು ಮುಗಿಸಿ ಹೋಗುವುದನ್ನು ನೋಡಿದ. ಎರಡು ಮೂರು ದಿನ ನೋಡಿ, ಕೊನೆಗೆ ಬಂದು ಮಾತಾಡಿಸಿದ.

"ಮೇಡಂ, ತಪ್ಪು ತಿಳ್ಕೋಬೇಡಿ. ನಮ್ಮ ಹೀರೋಯಿನ್‌ಗೆ ನಿಮ್ಮ ಥರ ನಡೆಯೋದನ್ನ ಹೇಳಿಕೊಡ್ತೀರಾ?"

ಅವಳು ಹೆದರಿ ಮನೆಗೆ ಬಂದಳು. ಶ್ರೀಧರ್ ಮರುದಿನ ವಠಾರಕ್ಕೇ ಬಂದ. ಮೂವತ್ತು ದಾಟಿರದ, ಗಡ್ಡ ಬಿಟ್ಟ, ಮಾತಿಗೆ ಮುಂಚೆ ತಾನೇ ನಾಚಿಕೊಳ್ಳುವ ಮನುಷ್ಯ. ದೇವಕ್ಕ ಅವನಿಗೆ ಚಹಾ ಕೊಟ್ಟು, "ಟೀಚರ್ರ ಜೋಡಿ ಬರೋದಿದ್ರ ಕಳಸ್ತೀನಿ, ಒಬ್ಬಾಕಿನ ಕಳಸೂದಿಲ್ಲ," ಎಂದಳು. ಹೀಗೆ ನಾನೂ ಹೋದೆ.

ದಾಸರಹಳ್ಳಿಯಲ್ಲಿ ಒಂದು ನೆಲಮಹಡಿಯ ಮನೆ ಅವರ ಆಫೀಸು. ನಾಯಕಿ ಮುಂಬೈಯ ಹುಡುಗಿ, ಕನ್ನಡ ಬಾರದು. ಅವಳಿಗೆ ಪಾತ್ರ ಅರ್ಥವಾಗಲೆಂದು ಶ್ರೀಧರ್ ಬೇರೆ ಬೇರೆ ದೇಶದ ಸಿನಿಮಾಗಳ ಡಿವಿಡಿ ತಂದಿಟ್ಟಿದ್ದ. ಮಧ್ಯಾಹ್ನ ನಡಿಗೆಯ ಪಾಠ, ಸಂಜೆ ಸಿನಿಮಾ. ನಾವೂ ಕೂತು ನೋಡಿದೆವು. ಹಿಮ ಬೀಳುವ ಯಾವುದೋ ದೇಶದ ಕಿವುಡಿಯೊಬ್ಬಳು ತನ್ನನ್ನು ಪ್ರೀತಿಸುವವನಿಗೆ ಭಾರವಾಗಬಾರದೆಂದು ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆದು ಹೋಗಿ ಮುಳುಗಿದಳು. ಮರಳುಗಾಡಿನ ದೇಶದ ಕುರುಡಿ ಊರಿನವರ ಪಾಪವನ್ನೆಲ್ಲ ಕೇಳಿ ಕ್ಷಮಿಸುತ್ತ ದೇವತೆಯಂತೆ ಬದುಕಿದಳು, ಕೊನೆಗೆ ಅವಳ ಕಣ್ಣು ತೆರೆಯಿತು. ಇಂಗ್ಲಿಷ್ ಚಿತ್ರವೊಂದರಲ್ಲಿ ಗಾಲಿಕುರ್ಚಿಯ ಹೆಂಗಸು, ನಡೆಯಬಲ್ಲ ತಂಗಿಯ ಮೇಲಿನ ಹೊಟ್ಟೆಕಿಚ್ಚಿಗೆ ಅವಳನ್ನು ಕೊಲ್ಲಿಸಿದಳು. ಹಿಂದಿಯ ಮೂಗಿ ನಾಯಕನ ಕಾಲಿಗೆ ಬಿದ್ದು ಅತ್ತಳು.

ನೀಲಾಂಬಿಕಾ ಎಲ್ಲವನ್ನೂ ಕಣ್ಣು ಕೀಳದೆ ನೋಡಿದಳು. ಕಿವುಡಿ ಮುಳುಗುವಾಗ ಅತ್ತಳು. ಆಮೇಲೆ ಸಣ್ಣಗೆ ಕೇಳಿದಳು, "ಇವರು ಯಾರೂ ಕೆಲಸಕ್ಕ ಹೋಗೂದಿಲ್ಲೇನ್ರಿ? ದಿನಾ ಏನ್ ಮಾಡ್ತಾರ?"

ಶ್ರೀಧರ್ ನಗಲಿಲ್ಲ. "ನಾನೂ ಅದನ್ನೇ ನಮ್ಮ ಡೈರೆಕ್ಟರ್‌ಗೆ ಹೇಳ್ತಾ ಇರೋದು. ಎಲ್ಲಾ ಕಡೆ ಒಂದೋ ಸಾಯಿಸ್ತಾರೆ, ಇಲ್ಲ ವಾಸಿ ಮಾಡ್ತಾರೆ. ನಮ್ಮ ತುಂಗಾ ಹಾಗಲ್ಲ, ನೀಲಾಂಬಿಕಾ. ಇದೇ ಕಾಲಲ್ಲಿ ಡ್ಯೂಟಿಗೆ ಹೋಗ್ತಾಳೆ, ಇದೇ ಕಾಲಲ್ಲಿ ಮದುವೆ ಆಗ್ತಾಳೆ. ಅಲ್ಲಿಗೆ ಸಿನಿಮಾ ಮುಗಿಯುತ್ತೆ. ನಾನೇ ಬರ್ದಿದೀನಿ."

ತುಂಗಾ ಎಂದರೆ ಕಥೆಯ ನಾಯಕಿಯ ಹೆಸರು. ಅವನು ಆ ಮಾತನ್ನು ನಿಜಕ್ಕೂ ನಂಬಿ ಹೇಳಿದ್ದ ಎಂಬುದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ.

ಮುಂಬೈಯ ಹುಡುಗಿ ಕೆಟ್ಟವಳಲ್ಲ. ಮೊಣಕಾಲಿಗೆ ಮರದ ಪಟ್ಟಿ ಕಟ್ಟಿಕೊಂಡು, ನೀಲಾಂಬಿಕಾಳ ಹಿಂದೆ ಹಿಂದೆ ಅಂಗಳದಲ್ಲಿ ನಡೆದಳು. ಬಿದ್ದಳು, ಎದ್ದಳು. ಒಂದು ದಿನ ಹಿಂದಿಯಲ್ಲಿ ಏನೋ ಕೇಳಿದಳು. ನೋಯುತ್ತದೆಯಾ ಎಂದು ಕೇಳುತ್ತಿದ್ದಾಳೆ ಅಂತ ನಾನು ಹೇಳಿದೆ. ನೀಲಾಂಬಿಕಾ ಸ್ವಲ್ಪ ಯೋಚಿಸಿ, "ಸಂಜೀಕ ಸೊಂಟಾ ನೋಯ್ತೈತ್ರಿ. ಕಾಲು ನೋಯೂದಿಲ್ಲ," ಅಂದಳು. ಮನೆಗೆ ಬರುವ ದಾರಿಯಲ್ಲಿ ಆಟೋದಲ್ಲಿ, "ಇಷ್ಟ ವರ್ಷದಾಗ ಯಾರೂ ಹಂಗ ಕೇಳಿದ್ದಿಲ್ರಿ," ಎಂದು ಹೊರಗೆ ನೋಡಿದಳು.

ಅದೇ ದಿನಗಳಲ್ಲಿ ಅವಳ ಬದುಕಿಗೆ ಸಂಗಣ್ಣ ಬಂದ. ಇಳಕಲ್ಲಿನ ಕಡೆಯವನು, ಪೀಣ್ಯದ ಒಂದು ಟೂಲ್‌ರೂಮಿನಲ್ಲಿ ಲೇತ್ ಯಂತ್ರ ನಡೆಸುತ್ತಿದ್ದ. ಒಂದೇ ಸ್ಟಾಪಿನಲ್ಲಿ ಬಸ್ಸಿಗೆ ಕಾಯುವವರು. ಬೇರೆಯವರು ಅವಳ ಜೊತೆ ನಡೆಯಬೇಕಾದರೆ ಮುಂದೆ ಹೋಗಿ ನಿಂತು ಕಾಯುತ್ತಿದ್ದರು. ಅವನು ಮಾತ್ರ ಅವಳ ವೇಗಕ್ಕೆ ತನ್ನ ಹೆಜ್ಜೆ ಸಣ್ಣದು ಮಾಡಿಕೊಂಡು ಪಕ್ಕದಲ್ಲೇ ನಡೆಯುತ್ತಿದ್ದ. ಅವನೇ ಹಣಮಂತನ ಹತ್ತಿರ ಬಂದು ಹೆಣ್ಣು ಕೇಳಿದ. ದೇವಕ್ಕ ಆ ದಿನ ವಠಾರದವರಿಗೆಲ್ಲ ಗೋಧಿರವೆ, ಬೆಲ್ಲದ ಸಜ್ಜಕ ಮಾಡಿ ಹಂಚಿದಳು. ಸಂಗಣ್ಣನ ತಾಯಿ ಮಹಾಂತಮ್ಮ ಊರಿಂದ ಬಂದು ನೋಡಿ ಒಪ್ಪಬೇಕು ಎನ್ನುವುದೊಂದೇ ಬಾಕಿ.

ಶೂಟಿಂಗಿನಲ್ಲಿ ನೀಲಾಂಬಿಕಾಳಿಗೂ ಒಂದು ಪಾತ್ರ ಕೊಡುತ್ತೇವೆ ಎಂದಿದ್ದರು. ನಾಯಕಿಯ ಗೆಳತಿ. ಕಾರ್ಖಾನೆಯ ಗೇಟಿನಿಂದ ಇಬ್ಬರೂ ಮಾತಾಡುತ್ತ ನಡೆದು ಬರಬೇಕು. ಅವಳು ಹಸಿರು ಸೀರೆ ಉಟ್ಟು ಹೋಗಿದ್ದಳು. ಒಮ್ಮೆ ನಡೆಸಿ ನೋಡಿದ ನಿರ್ದೇಶಕರು ಮುಖ ಸಿಂಡರಿಸಿ ಶ್ರೀಧರನ ಕಿವಿಯಲ್ಲಿ ಏನೋ ಹೇಳಿದರು. ಇಬ್ಬರು ಒಂದೇ ಥರ ನಡೆದರೆ ಜನ ಹೋಲಿಸಿ ನೋಡುತ್ತಾರೆ, ನಾಯಕಿಯದು ನಾಟಕವೆಂದು ಗೊತ್ತಾಗಿಬಿಡುತ್ತದೆ ಎಂದರಂತೆ. ಕೊನೆಗೆ ಅವಳನ್ನು ಒಂದು ಮೆಷಿನ್ನಿನ ಹಿಂದೆ ಕೂರಿಸಿದರು. ಕಾಲು ಕಾಣದ ಹಾಗೆ. ಮುಂಬೈಯ ಹುಡುಗಿ ಮೊಣಕಾಲು ಒತ್ತುತ್ತ ಮುಂದೆ ಹಾದುಹೋಗುವಾಗ, ಕೂತಲ್ಲಿಂದಲೇ "ತುಂಗಾ, ನಿಧಾನ ಬಾರೇ," ಎಂದು ಕರುಣೆಯಿಂದ ನೋಡಬೇಕು. ಅವಳು ಹಾಗೇ ನೋಡಿದಳು.

ಇನ್ನೊಂದು ದಿನ ಶ್ರೀಧರ್ ಕೈ ಹಿಸುಕಿಕೊಳ್ಳುತ್ತ ಬಂದ. "ಒಂದೇ ಒಂದು ಕ್ಲೋಸಪ್ ಬೇಕಾಗಿತ್ತು. ಡಾಕ್ಟರ್ ಕಾಲು ನೋಡಿ ಇದನ್ನ ಏನೂ ಮಾಡಕ್ಕಾಗಲ್ಲ ಅಂತ ಹೇಳೋ ಸೀನು. ಹೀರೋಯಿನ್ ಕಾಲು ಆ ಥರ ಇಲ್ವಲ್ಲ. ನಿಮ್ಮ ಮುಖ ಬರಲ್ಲ. ಮೊಣಕಾಲಿನವರೆಗೆ ಅಷ್ಟೇ."

ಅವಳು ನನ್ನ ಮುಖ ನೋಡಿದಳು. ಬೇಡವೆಂದರೆ ಯಾರೂ ಬಲವಂತ ಮಾಡುವುದಿಲ್ಲ ಎಂದೆ. "ಏನೂ ಮಾಡಾಕ ಆಗೂದಿಲ್ಲ ಅಂತಾನ ಹೇಳ್ತಾನಲ್ರಿ ಡಾಕ್ಟರ? ಹಂಗಂದ್ರ ಕೊಡ್ತೀನಿ," ಎಂದು ಒಪ್ಪಿದಳು. ಶೆಡ್ಡಿನೊಳಗೆ ಬಿಳಿ ಪರದೆ ಕಟ್ಟಿ ಆಸ್ಪತ್ರೆ ಮಾಡಿದ್ದರು. ಕಬ್ಬಿಣದ ಮೇಜಿನ ಮೇಲೆ ಮಲಗಿ ಅವಳು ಮುಖವನ್ನು ನನ್ನ ಕಡೆ ತಿರುಗಿಸಿಕೊಂಡಳು. ದೊಡ್ಡ ದೀಪದ ಕೆಳಗೆ ಆ ತೆಳ್ಳನೆಯ ಕಾಲು, ಅದರ ಮೇಲೆ ಚಿಕ್ಕಂದಿನಲ್ಲಿ ಶೇಂಗಾ ಸುಡುವ ಬೆಂಕಿಯಲ್ಲಿ ಬಿದ್ದಾಗ ಆದ ಸುಟ್ಟ ಕಲೆ. ಕ್ಯಾಮರಾದವನು ಆ ಕಲೆ ಚೆನ್ನಾಗಿದೆ, ಇರಲಿ ಅಂದ.

ಮುಂದಿನ ಯುಗಾದಿಗೆ ಸಿನಿಮಾ ಬಿಡುಗಡೆಯಾಯಿತು. ಇಡೀ ವಠಾರವೇ ಹೋಯಿತು. ಚಿಕ್ಕಮುನಿಯಮ್ಮನೂ ಹೊಸ ಸೀರೆ ಉಟ್ಟು ಬಂದಿದ್ದರು. ನೀಲಾಂಬಿಕಾ ಮೆಷಿನ್ನಿನ ಹಿಂದೆ ಕಂಡಾಗ ನಮ್ಮ ಸಾಲಿನವರೆಲ್ಲ ಕೂಗಿದರು. ಅವಳ ಬಾಯಿಂದ ಬಂದದ್ದು ಬೇರೆ ಯಾರದೋ ಧ್ವನಿ, ಬೆಂಗಳೂರಿನ ಹುಡುಗಿಯದು. ತೆರೆಯ ಮೇಲೆ ಕಾಲು ಸರಿಯಿದ್ದವಳು ಅವಳು, ಕುಂಟುತ್ತಿದ್ದವಳು ಮುಂಬೈಯ ಹುಡುಗಿ. ಚಿಕ್ಕಮುನಿಯಮ್ಮ, "ಅಯ್ಯೋ, ನಮ್ ನೀಲಾ ಇಂಗೆ ಕೂತ್ರೆ ಏನೂ ಗೊತ್ತೇ ಆಗಾಕಿಲ್ಲ ಕಣವ್ವಾ," ಎಂದು ಮೆಚ್ಚಿಕೊಂಡರು.

ಕೊನೆಗೆ ಆ ಆಸ್ಪತ್ರೆಯ ದೃಶ್ಯ ಬಂತು. ಡಾಕ್ಟರು ಆಗುವುದಿಲ್ಲ ಎನ್ನಲಿಲ್ಲ. ನಾಯಕನೇ ಡಾಕ್ಟರನ ಕೈ ಹಿಡಿದು, ನನ್ನ ತುಂಗಾ ನಡೆಯಬೇಕು ಎಂದ. ನೀಲಾಂಬಿಕಾಳ ಕಾಲು ತೆರೆಯ ತುಂಬ ಮಲಗಿತ್ತು, ಸುಟ್ಟ ಕಲೆಯ ಸಮೇತ. ದೇವಕ್ಕ ನನ್ನ ಕೈ ಹಿಡಿದುಕೊಂಡಳು. "ನಮ್ಮ ನೀಲಾನ ಕಾಲ್ರಿ, ಟೀಚರ್ರ! ಸುಟ್ಟ ಕಲಿ ನೋಡ್ರಿ!" ತೆರೆ ಬೆಳ್ಳಗಾಯಿತು, ಶಂಖ ಊದಿತು, ಯಾರೋ ಬ್ಯಾಂಡೇಜು ಬಿಚ್ಚಿದರು. ಅದೇ ಜಾಗದಲ್ಲಿ ಈಗ ತುಂಬಿಕೊಂಡ, ನೆಟ್ಟಗಿನ, ಬಿಳಿಯ ಕಾಲು. ಮುಂಬೈಯ ಹುಡುಗಿ ಎದ್ದು ನಿಂತಳು. ದೂರದಲ್ಲಿ ನಾಯಕ ಎರಡೂ ತೋಳು ಚಾಚಿ "ಬಾ ತುಂಗಾ" ಎಂದ. ಅವಳು ಸೂರ್ಯಕಾಂತಿ ಹೊಲದೊಳಗೆ ಓಡಿ ಹೋಗಿ ಅವನ ತೋಳಿಗೆ ಬಿದ್ದಳು. ಥಿಯೇಟರಿನಲ್ಲಿ ಶಿಳ್ಳೆಯೋ ಶಿಳ್ಳೆ. ದೇವಕ್ಕ ಎರಡೂ ಕೈ ಜೋಡಿಸಿ ತೆರೆಗೆ ಮುಗಿಯುತ್ತಿದ್ದಳು, ಕಣ್ಣೀರು ಕತ್ತಿನವರೆಗೆ ಇಳಿದಿತ್ತು.

ನೀಲಾಂಬಿಕಾ ಎಂದಿನಂತೆ ಎಲ್ಲರೂ ಹೋಗಲಿ ಎಂದು ಕಾದು ಕೂತಿದ್ದಳು. ಎದ್ದು ಕೈಯನ್ನು ಮೊಣಕಾಲ ಮೇಲಿಟ್ಟು, "ಶ್ರೀಧರ ಸರ ಹಿಂಗ ಹೇಳಿದ್ದಿಲ್ಲಲ್ರಿ," ಎಂದಳು, ಅಷ್ಟೇ.

ಸಿನಿಮಾ ಚೆನ್ನಾಗಿ ಓಡಿತು. ಬಸ್ ಸ್ಟಾಪಿನಲ್ಲಿ ಹುಡುಗರು ಅವಳನ್ನು ಕಂಡ ತಕ್ಷಣ ತೋಳು ಚಾಚಿ "ಬಾ ತುಂಗಾ!" ಎನ್ನುತ್ತಿದ್ದರು. ಮೊದಮೊದಲು ಅವಳು ನಕ್ಕಳು. ಆಮೇಲೆ ಬೇರೆ ಸ್ಟಾಪಿಗೆ ನಡೆದು ಹೋಗಿ ಬಸ್ಸು ಹತ್ತತೊಡಗಿದಳು.

ಅದನ್ನು ಹೇಗೋ ತಡೆದುಕೊಳ್ಳಬಹುದಿತ್ತು. ತಡೆದುಕೊಳ್ಳಲಾಗದೆ ಹೋದದ್ದು ಮನೆಯೊಳಗಿನ ಮಾತು. ದೇವಕ್ಕ ಆ ಸಿನಿಮಾವನ್ನು ಮತ್ತೆ ಹೋಗಿ ನೋಡಿದಳು. ಇಷ್ಟು ವರ್ಷ ಮಗಳ ಕಾಲನ್ನು ದೇವರು ಕೊಟ್ಟದ್ದು ಎಂದು ಒಪ್ಪಿಕೊಂಡಿದ್ದ ಹೆಂಗಸು, ಅದು ತನ್ನ ಕಣ್ಣೆದುರೇ ನೆಟ್ಟಗಾದದ್ದನ್ನು ಕಂಡಿದ್ದಳು. ನೆಟ್ಟಗಿನದು ಬೇರೆಯವಳ ಕಾಲು, ಫಿಲ್ಮು ಕತ್ತರಿಸಿ ಅಂಟಿಸುತ್ತಾರೆ ಎಂದು ನಾನು ಬಿಡಿಸಿ ಹೇಳಿದೆ. "ನನಗೂ ಗೊತ್ತೈತ್ರಿ ಅದು ಸಿನಿಮಾ ಅಂತ. ಆದ್ರ ಡಾಕ್ಟರ್ರು ಏನೂ ಇಲ್ದ ಹಂಗ ತೋರಸ್ತಾರೇನ್ರಿ? ಎಲ್ಲೋ ಮಾಡ್ತಿರಬೇಕು, ಅದಕ್ಕ ತೋರಸ್ಯಾರ," ಎಂದಳು. ಸೋಮವಾರ ಉಪವಾಸ ಹಿಡಿದಳು.

ಮಹಾಂತಮ್ಮನೂ ಊರಲ್ಲಿ ಅದೇ ಸಿನಿಮಾ ನೋಡಿಕೊಂಡೇ ಬಂದಿದ್ದಳು. ನೀಲಾಂಬಿಕಾ ಚಹಾ ತಂದಿಟ್ಟು ಒಳಗೆ ಹೋಗುವವರೆಗೂ ಅವಳ ಕಾಲನ್ನೇ ನೋಡಿದಳು. ಮಾತು ಕಠಿಣವಾಗಿರಲಿಲ್ಲ. "ಹುಡುಗಿ ಚಲೋ ಅದಾಳ. ನಂದೇನೂ ತಕರಾರಿಲ್ಲ. ಆದ್ರ ಸಿನಿಮಾದಾಗ ಈಕಿ ಕಾಲಿಗೇ ಮಾಡ್ಯಾರಂತಲ್ಲ. ಖರೇನೂ ಮಾಡಸ್ರಿ. ಕಾಲು ಒಂದೀಟು ನೆಟ್ಟಗಾಗ್ಲಿ, ಆಮ್ಯಾಲ ಮುಹೂರ್ತ ಹಿಡಿಯೂಣು."

ಸಂಗಣ್ಣ ತಲೆ ತಗ್ಗಿಸಿ ಕೂತಿದ್ದ. ಹೊರಡುವಾಗ ಬಾಗಿಲ ಹತ್ತಿರ ನೀಲಾಂಬಿಕಾಳಿಗೆ, "ಅವ್ವ ಹೇಳೂದೂ ಸುಳ್ಳಲ್ಲ. ಒಮ್ಮೆ ತೋರಸೂಣು. ತೋರಿಸಿದ್ರ ಏನ್ ಹೋಗ್ತೈತಿ?" ಅಂದ.

"ನಿಮಗ ಹಿಂಗ ಇದ್ರ ಆಗೂದಿಲ್ಲೇನು?"

"ನನಗ ಆಗ್ತೈತಿ. ಅವ್ವಗ ಏನ್ ಹೇಳ್ಲಿ?"

ಅವಳಿಗೆ ಮನಸ್ಸಿರಲಿಲ್ಲ. ಅಣ್ಣ ಹೇಳಿದ, ತಾಯಿ ಊಟ ಬಿಟ್ಟಳು, ಚಿಕ್ಕಮುನಿಯಮ್ಮ ಬಂದು, "ಮಾಡ್ಸ್ಕೊಳವ್ವಾ, ಕಾಲ ಅಂಗೇ ಇರ್ತದಾ? ಈಗೆಲ್ಲಾ ಮುಂದುವರೆದೈತೆ," ಎಂದರು. ಒಂದು ಸಂಘದವರು ಪೋಲಿಯೋ ಆದವರಿಗೆ ಉಚಿತವಾಗಿ ಶಸ್ತ್ರಚಿಕಿತ್ಸೆ ಮಾಡಿಸುವ ಶಿಬಿರ ಇಟ್ಟಿದ್ದರು. ಅಲ್ಲಿಯ ಡಾಕ್ಟರು ಸುಳ್ಳು ಹೇಳಲಿಲ್ಲ. "ಸಿನಿಮಾದ ಹಾಗೆ ಆಗಲ್ಲಮ್ಮಾ. ಬಾಗಿರೋ ಮೊಣಕಾಲನ್ನ ಸ್ವಲ್ಪ ನೆಟ್ಟಗೆ ಮಾಡಬಹುದು. ಕಾಲಿಗೆ ಕಬ್ಬಿಣದ ಪಟ್ಟಿ, ಕ್ಯಾಲಿಪರ್ ಅಂತಾರೆ, ಅದನ್ನ ಹಾಕ್ಕೊಂಡು, ಕೈ ಊರದೆ ನಡೀಬಹುದು. ಎಲ್ಲರಿಗೂ ಒಂದೇ ಥರ ಆಗಲ್ಲ." ದೇವಕ್ಕನ ಕಿವಿಗೆ ಬಿದ್ದದ್ದು ನೆಟ್ಟಗೆ ಎನ್ನುವ ಒಂದೇ ಮಾತು. ಡಾಕ್ಟರ ಕಾಲಿಗೆ ಬಿದ್ದಳು.

ಆ ವರ್ಷದ ದೀಪಾವಳಿ ಮುಗಿದ ಮೇಲೆ ಊರ ಹೊರಗಿನ ಒಂದು ನರ್ಸಿಂಗ್ ಹೋಮಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ತೊಡೆಯ ಮೂಳೆ ಕತ್ತರಿಸಿ, ನೆಟ್ಟಗೆ ಮಾಡಿ, ಪ್ಲೇಟು ಹಾಕಿದರು. ಮೊದಲ ವಾರ ಎಲ್ಲ ಸರಿಯಿತ್ತು. ಆಮೇಲೆ ಜ್ವರ ಶುರುವಾಯಿತು. ಮೂಳೆಗೆ ಕೀವು ಹಿಡಿದಿದೆ ಎಂದರು. ತೆರೆದು ತೊಳೆದರು, ಮುಚ್ಚಿದರು, ಮತ್ತೆ ತೆರೆದರು. ಪ್ಲೇಟು ತೆಗೆದರು. ನಾನು ನೋಡಲು ಹೋದಾಗಲೆಲ್ಲ ವಾರ್ಡಿನಲ್ಲಿ ಔಷಧದ ವಾಸನೆಯ ಜೊತೆ ಇನ್ನೊಂದು ವಾಸನೆ ಇರುತ್ತಿತ್ತು. ಅವಳು ಅದಕ್ಕೆ ನಾಚಿಕೊಂಡು, "ದೂರ ಕುಂದರ್ರಿ, ಅಕ್ಕಾರ," ಅನ್ನುತ್ತಿದ್ದಳು. ಸಂಗಣ್ಣ ಮೊದಲೆರಡು ತಿಂಗಳು ಭಾನುವಾರ ತಪ್ಪದೆ ಬಂದ. ಬರುಬರುತ್ತ ಕಡಿಮೆಯಾಯಿತು. ಆಮೇಲೆ ಫೋನು. ಆಮೇಲೆ ಅದೂ ಇಲ್ಲ.

ಬೇಸಿಗೆಯ ಹೊತ್ತಿಗೆ ಮನೆಗೆ ಕಳಿಸಿದರು. ಕಾಲು ನೆಟ್ಟಗೇನೋ ಆಗಿತ್ತು. ಕೋಲಿನ ಹಾಗೆ. ಮಡಚಲು ಬರುತ್ತಿರಲಿಲ್ಲ, ಅದರ ಮೇಲೆ ಭಾರ ಹಾಕಲೂ ಬರುತ್ತಿರಲಿಲ್ಲ. ಕತ್ತರಿಸಿದ ಮೂಳೆ ಕೂಡಿಕೊಂಡಿರಲಿಲ್ಲ. ಮೊಣಕಾಲ ಮೇಲೆ ಕೈಯೊತ್ತಿ ನಡೆಯುತ್ತಿದ್ದ ಆ ನಡಿಗೆ ಹೋಯಿತು. ಎರಡೂ ಕಂಕುಳಿಗೆ ಊರುಗೋಲು ಬಂದವು. ಅವನ್ನು ಹಿಡಿದರೆ ಕೈಯಲ್ಲಿ ಬೇರೇನನ್ನೂ ಹಿಡಿಯುವ ಹಾಗಿಲ್ಲ. ತರಕಾರಿ ಚೀಲ ಹೋಗಲಿ, ಒಂದು ಲೋಟ ನೀರನ್ನೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವ ಹಾಗಿಲ್ಲ.

ಕಾಯಿಲ್ ಸೆಕ್ಷನ್ನಿನ ಸೂಪರ್‌ವೈಸರ್ ದಾಸಪ್ಪ ಒಳ್ಳೆಯ ಮನುಷ್ಯ. ಅವರೇ ಆಟೋ ಕಳಿಸಿ ಕರೆಸಿಕೊಂಡು, "ಬಾರಮ್ಮಾ, ಕೂತ್ಕೊಂಡು ನೋಡು," ಎಂದು ಹಳೆಯ ಜಾಗಕ್ಕೆ ಕೂರಿಸಿದರು. ಮಡಚಲಾಗದ ಕಾಲು ಮೆಷಿನ್ನಿನ ಕೆಳಗೆ ಹಿಡಿಯಲಿಲ್ಲ. ಪಕ್ಕಕ್ಕೆ ಚಾಚಿದರೆ ದಾರಿಯಲ್ಲಿ ಓಡಾಡುವವರಿಗೆ ತಗಲುತ್ತಿತ್ತು. ಸ್ಟೂಲು ಎತ್ತರಿಸಿ ನೋಡಿದರು, ಇಳಿಸಿ ನೋಡಿದರು. ದಾಸಪ್ಪ ಕೊನೆಗೆ ಕೈಚೆಲ್ಲಿ, ಮುಖ ಬೇರೆ ಕಡೆ ತಿರುಗಿಸಿಕೊಂಡು, "ಇನ್ನೂ ಸ್ವಲ್ಪ ವಾಸಿಯಾಗ್ಲಿ ಬಿಡಮ್ಮಾ," ಎಂದರು. ವಾಸಿಯಾಗುವುದು ಏನೂ ಉಳಿದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮುಂದಿನ ವರ್ಷ ಸಂಗಣ್ಣನ ಮದುವೆ ಊರಲ್ಲೇ ಆಯಿತು. ಸುದ್ದಿ ಹಣಮಂತ ತಂದ. ನೀಲಾಂಬಿಕಾ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಲಿಲ್ಲ. ದೇವಕ್ಕ ಮಾತ್ರ ಎದ್ದು ಹೊರಗೆ ಬಂದು ನಲ್ಲಿಯ ಹತ್ತಿರ ಕೂತು ಹಣೆ ಚಚ್ಚಿಕೊಂಡಳು. ಆ ಮೇಲೆ ಆ ಹೆಂಗಸು ಮಾತು ಕಡಿಮೆ ಮಾಡಿದಳು. ಮಗಳ ಮುಖವನ್ನು ನೇರವಾಗಿ ನೋಡುತ್ತಿರಲಿಲ್ಲ. ನಾನೊಮ್ಮೆ ನೀಲಾಂಬಿಕಾಳಿಗೆ, ಅಮ್ಮನ ಮೇಲೆ ಸಿಟ್ಟಿದೆಯಾ ಎಂದು ಕೇಳಿದೆ.

"ಏನಂತ ಸಿಟ್ಟಾಗ್ಲಿರಿ? ಆಕಿ ತನ್ನ ಕಣ್ಣಾರೆ ನೋಡ್ಯಾಳ," ಎಂದಳು.

ಎರಡು ಸಾವಿರದ ಹದಿಮೂರರ ಕೊನೆಗೆ ಶ್ರೀಧರ್ ಹುಡುಕಿಕೊಂಡು ಬಂದ. ಗಡ್ಡದಲ್ಲಿ ಬಿಳಿ ಕೂದಲು ಇಣುಕಿತ್ತು. ಸಿನಿಮಾ ಬಿಟ್ಟು, ಅಂಗವಿಕಲರ ಬಗ್ಗೆ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿದ್ದನಂತೆ. ಬಾಗಿಲಲ್ಲಿ ಒರಗಿಸಿಟ್ಟ ಊರುಗೋಲು ನೋಡಿ, ಇದು ಯಾರದು ಎಂದ. ಆಮೇಲೆ ಅವಳು ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದನ್ನು ನೋಡಿದ.

"ಏನಾಯ್ತು, ನೀಲಾಂಬಿಕಾ?"

"ಆಪರೇಷನ್ ಆತ್ರಿ, ಸರ."

ಅವನ ಮುಖದ ಬಣ್ಣ ಹೋಯಿತು. "ಆ ಎಂಡಿಂಗು ನಾನು ಬರ್ದಿದ್ದಲ್ಲ. ಪ್ರೊಡ್ಯೂಸರ್ ಕೂತ್ಕೊಂಡು ಬದಲಾಯಿಸಿಬಿಟ್ರು. ನನಗೆ ಡಬ್ಬಿಂಗ್‌ನಲ್ಲೇ ಗೊತ್ತಾಗಿದ್ದು…"

"ಗೊತ್ತೈತ್ರಿ. ಚಹಾ ಕುಡೀರಿ."

ಅವನು ಬಂದದ್ದು ಒಂದು ಕಾರ್ಯಕ್ರಮಕ್ಕೆ ಕರೆಯಲು. ಬೆಳ್ಳಂದೂರಿನ ಒಂದು ದೊಡ್ಡ ಕಂಪನಿಯ ಸಭಾಂಗಣದಲ್ಲಿ, ಬೇರೆ ಬೇರೆ ದೇಶದ ಸಿನಿಮಾಗಳು ಅಂಗವಿಕಲ ಹೆಣ್ಣುಮಕ್ಕಳನ್ನು ಹೇಗೆ ತೋರಿಸಿವೆ ಎನ್ನುವ ವಿಷಯದ ಮೇಲೆ ಮಾತು, ಚರ್ಚೆ. ಈ ಪರಿಸ್ಥಿತಿಯಲ್ಲಿ ಕರೆಯಲು ಅವನಿಗೇ ಸಂಕೋಚವಾಗಿ ಸುಮ್ಮನೆ ಎದ್ದು ನಿಂತ. ಅವಳೇ ಬರುತ್ತೇನೆ ಅಂದಳು. ಮನೆಯಿಂದ ಹೊರಗೆ ಹೋಗಿ ಬಹಳ ದಿನವಾಗಿತ್ತು.

ಕಾರ್ಯಕ್ರಮದ ದಿನ ಬೆಳಿಗ್ಗೆಯಿಂದ ಅವಳು ನೀರು ಕುಡಿಯಲಿಲ್ಲ. ಹೊರಗೆ ಹೋಗುವ ದಿನ ಹಾಗೇ, ಬೇರೆ ಕಡೆ ಶೌಚಕ್ಕೆ ಹೋಗುವುದು ಕಷ್ಟವೆಂದು. ಸಭಾಂಗಣದ ಮುಂದೆ ಹೊಳೆಯುವ ಕಲ್ಲಿನ ಮೆಟ್ಟಿಲುಗಳು. ಇಬ್ಬರು ಸೆಕ್ಯೂರಿಟಿಯವರು ಅವಳನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯ ಸಮೇತ ಎತ್ತಿ ಒಳಗೆ ಇಟ್ಟರು. ಒಳಗೆ ತಣ್ಣನೆಯ ಗಾಳಿ, ಕತ್ತಿಗೆ ಐಡಿ ಕಾರ್ಡು ಹಾಕಿಕೊಂಡ ಯುವಕ ಯುವತಿಯರು. ಮಾತಾಡಿದ ಹೆಂಗಸು ತುಂಬ ಚೆನ್ನಾಗಿ ಓದಿಕೊಂಡವರು, ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ನೀಲಾಂಬಿಕಾಳ ಕಿವಿಯಲ್ಲಿ ಹೇಳುತ್ತ ಹೋದೆ. ಊರು ಬೇರೆ, ಭಾಷೆ ಬೇರೆ, ದೇವರು ಬೇರೆಯಾದರೂ ಈ ಹೆಣ್ಣಿಗೆ ಸಿನಿಮಾ ಕೊಡುವುದು ಎರಡೇ, ಸಾವು ಅಥವಾ ಪವಾಡ ಎಂದರು. ಅವರ ಮಾತಿನಲ್ಲಿ ಒಂದೂ ತಪ್ಪಿರಲಿಲ್ಲ. ಒಂದೊಂದು ದೇಶದ್ದು ಒಂದೊಂದು ತುಣುಕು ತೋರಿಸಿದರು. ಪವಾಡಕ್ಕೆ ನಮ್ಮ ಕಡೆಯದೇ ಒಂದು ಉದಾಹರಣೆ ಎಂದು ಆ ಸಿನಿಮಾದ ಕೊನೆಯ ದೃಶ್ಯ ಹಾಕಿದರು.

ಶ್ರೀಧರ್ ಅದನ್ನು ನಿರೀಕ್ಷಿಸಿರಲಿಲ್ಲ ಎಂದು ಕಾಣುತ್ತದೆ, ಅರ್ಧ ಎದ್ದು ಮತ್ತೆ ಕೂತ. ತೆರೆಯ ಮೇಲೆ ಕಾಲು ಬಂತು. ಬೆಳ್ಳನೆಯ ಬೆಳಕು, ಶಂಖ, ಇನ್ನೊಂದು ಕಾಲು, ಸೂರ್ಯಕಾಂತಿ ಹೊಲ. ಸಭೆ ಗೊಳ್ಳೆಂದು ನಕ್ಕಿತು. ನಗುವಂಥದ್ದೇ ಅದು, ಅಷ್ಟು ಪೆದ್ದಾಗಿತ್ತು. ನಾಯಕ ತೋಳು ಚಾಚಿದಾಗ ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿ ನಕ್ಕರು.

ನೀಲಾಂಬಿಕಾ ನನ್ನ ಕಡೆ ಬಾಗಿದಳು. "ಆ ಕಾಲು ಚಲೋ ಇತ್ತಲ್ರಿ, ಅಕ್ಕಾರ," ಎಂದಳು.

ನಾನು ಅವಳ ಕೈ ಹಿಡಿದುಕೊಂಡೆ.

ಆಮೇಲೆ ಯಾರೋ, ಈ ಚಿತ್ರದಲ್ಲಿ ಕೆಲಸ ಮಾಡಿದವರೊಬ್ಬರು ನಮ್ಮ ನಡುವೆ ಇದ್ದಾರೆ ಎಂದು ಅವಳಿಗೆ ಮೈಕು ಕೊಟ್ಟರು. ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅದು ನನ್ನ ಕಾಲ್ರಿ. ಅದರ ಮ್ಯಾಲ ನಾ ನಡೀತಿದ್ದೆ. ಕೆಲಸಕ್ಕ ಹೋಗ್ತಿದ್ದೆ. ಈಗ ಇಲ್ಲ," ಎಂದಳು. ನಿರೂಪಣೆ ಮಾಡುತ್ತಿದ್ದ ಹುಡುಗಿಗೆ ಆ ಕಡೆಯ ಕನ್ನಡ ಸರಿಯಾಗಿ ತಿಳಿಯಲಿಲ್ಲವೋ ಏನೋ, ತೆರೆಯ ಮೇಲೆ ತನ್ನ ಕಾಲನ್ನು ನೋಡಿ ಅವರಿಗೆ ಹೆಮ್ಮೆಯಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶ್ರೀಧರ್ ಹೋಗಿ ತಿದ್ದುವ ಹೊತ್ತಿಗೆ ಊಟದ ಗದ್ದಲ ಶುರುವಾಗಿತ್ತು. ಅವನು ನಮ್ಮನ್ನು ಕಾರಿಗೆ ಹತ್ತಿಸಿ, ಊರುಗೋಲುಗಳನ್ನು ಒಳಗಿಟ್ಟು ಬಾಗಿಲು ಹಾಕಿದ. ಮತ್ತೆ ಅವನು ಬರಲಿಲ್ಲ.

ದೇವಕ್ಕ ಅದರ ಮುಂದಿನ ಮಳೆಗಾಲದಲ್ಲಿ ತೀರಿಕೊಂಡಳು. ಸಕ್ಕರೆ ಕಾಯಿಲೆ ಇತ್ತು, ಔಷಧಿ ತೆಗೆದುಕೊಳ್ಳುತ್ತಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಚಿಕ್ಕಮುನಿಯಮ್ಮನ ಮಕ್ಕಳು ವಠಾರ ಕೆಡವಿ ದೊಡ್ಡ ಕಟ್ಟಡ ಎಬ್ಬಿಸಿದರು. ನಾನು ಬೇರೆ ಶಾಲೆಗೆ, ಬೇರೆ ಬಡಾವಣೆಗೆ ಹೋದೆ. ಹಣಮಂತ ಅಷ್ಟರಲ್ಲಿ ಮದುವೆಯಾಗಿ, ನೀಲಾಂಬಿಕಾಳಿಗೆ ವೈನಿ, ಅಂದರೆ ಅತ್ತಿಗೆ, ಬಂದಿದ್ದಳು. ಅವನು ಚಿಕ್ಕಬಾಣಾವರದ ಕಡೆ ಮೂರನೇ ಮಹಡಿಯಲ್ಲಿ ಮನೆ ಹಿಡಿದ. ಅದಕ್ಕೆ ಲಿಫ್ಟು ಇಲ್ಲ.

ಎರಡು ಸಾವಿರದ ಹದಿನೇಳರಲ್ಲಿ ನಾನು ಅವಳನ್ನು ನೋಡಲು ಹೋಗಿದ್ದೆ. ಕಿಟಕಿಯ ಪಕ್ಕ ಕೂತು ರಬ್ಬರ್ ವಾಷರುಗಳ ಅಂಚು ಕತ್ತರಿಸುತ್ತಿದ್ದಳು. ಯಾವುದೋ ಕಾರ್ಖಾನೆಯವರು ಮೂಟೆಯಲ್ಲಿ ಕಳಿಸುತ್ತಾರೆ, ಕತ್ತರಿಸಿ ಮೂಟೆಯಲ್ಲಿ ಹಿಂದಕ್ಕೆ ಕಳಿಸಬೇಕು. ಮನೆಯೆಲ್ಲ ರಬ್ಬರಿನ ವಾಸನೆ. ದಪ್ಪಗಾಗಿದ್ದಳು, ಕೂದಲು ಅರ್ಧ ಬೆಳ್ಳಗಾಗಿತ್ತು. ಕೆಳಗೆ ಇಳಿದು ಎಷ್ಟು ದಿನವಾಯಿತೆಂದು ಕೇಳಿದೆ. ಗೌರಿ ಹಬ್ಬಕ್ಕೆ ಅಣ್ಣ ಹೊತ್ತುಕೊಂಡು ಇಳಿಸಿದ್ದ ಎಂದಳು. ಯಾವ ವರ್ಷದ ಗೌರಿ ಹಬ್ಬ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಗೋಡೆಯ ಮೇಲೆ ಟಿವಿ ಇತ್ತು.

"ಸಿನಿಮಾ ನೋಡ್ತೀಯಾ ಈಗಲೂ?"

"ವೈನಿ ಹಚ್ಚಿರ್ತಾಳ್ರಿ. ನಾ ಈ ಕಡೆ ತಿರುಗಿ ಕುಂತಿರ್ತೀನಿ. ಬೆಳಕು ಈ ಕಡೆ ಚಲೋ ಬರ್ತೈತಿ."

ಬಹಳ ಹೊತ್ತು ಕೂತೆ. ನಾನು ಏಳುವಾಗ ಬಾಗಿಲವರೆಗೆ ಬರಬೇಕೆಂದು ಊರುಗೋಲಿಗೆ ಕೈ ಚಾಚಿದಳು. ಅದು ಜಾರಿ ದೂರಕ್ಕೆ ಬಿತ್ತು. ನಾನು ಎತ್ತಿಕೊಡಲು ಬಗ್ಗಿದೆ. "ಇರ್ಲಿ ಬಿಡ್ರಿ," ಎಂದಳು. "ಹೋಗೂ ಮುಂದ ಬಾಗಲಾ ಎಳಕೊಂಡ ಹೋಗ್ರಿ, ಅಕ್ಕಾರ."